ತೀರ್ಮಾನವಾದ ಮೇಲೆ ಬರುವ ಸುದ್ದಿ

ಕೊಡಗಿನವರು ಮಳೆಯನ್ನು ಇಂಚಿನಲ್ಲೇ ಲೆಕ್ಕ ಹಾಕುತ್ತಾರೆ. ತೋಟದ ಮನೆಯ ಅಂಗಳದಲ್ಲೊಂದು ಮಳೆಮಾಪಕ ಇಟ್ಟು, ಬೆಳಿಗ್ಗೆ ಅದರ ನೀರು ಅಳೆದು ಡೈರಿಯಲ್ಲಿ ಗುರುತು ಹಾಕುವುದು ಇಲ್ಲಿನ ಬೆಳೆಗಾರರಿಗೆ ಅಜ್ಜಂದಿರ ಕಾಲದಿಂದ ಬಂದ ರೂಢಿ. ‘ನಿಮ್ಮ ಕಡೆ ಎಷ್ಟಾಯಿತು?’ ಎಂದು ಕೇಳಿದರೆ ‘ಎರಡು ಇಂಚು ನಲವತ್ತು ಸೆಂಟ್’ ಎಂಬ ಉತ್ತರ ಬರುತ್ತದೆ. 1957ರಿಂದ ಮಡಿಕೇರಿಯಲ್ಲಿ ಅಚ್ಚಾಗುತ್ತಿರುವ ‘ಶಕ್ತಿ’ ದಿನಪತ್ರಿಕೆ ಕೂಡ ಮಳೆಗಾಲದಲ್ಲಿ ಇಂಚಿನ ಲೆಕ್ಕವನ್ನೇ ಕೊಡುತ್ತದೆ. ಹವಾಮಾನ ಇಲಾಖೆಯ ಲೆಕ್ಕ ಬೇರೆ. ಅದರ ಪ್ರಕಾರ ಒಂದು ದಿನದಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 115.6 ದಾಟಿದರೆ ಅತಿ ಭಾರಿ, 204.5 ದಾಟಿದರೆ ಅದಕ್ಕೂ ಮೇಲಿನದು. ಈ ಅಂಕಿಗಳ ಮೇಲೆ ಹಳದಿ, ಕಿತ್ತಳೆ, ಕೆಂಪು ಬಣ್ಣದ ಎಚ್ಚರಿಕೆಗಳು ನಿಂತಿವೆ. ಕೆಂಪು ಎಂದರೆ ಸುಮಾರು ಎಂಟು ಇಂಚು ಎಂದು ಹೇಳಿದ್ದರೆ ಭಾಗಮಂಡಲದ ಬೆಳೆಗಾರನಿಗೆ ಕೂಡಲೇ ತಿಳಿಯುತ್ತಿತ್ತು; ಎಂಟು ಇಂಚು ಸುರಿದ ದಿನ ತನ್ನ ಗದ್ದೆ, ತೋಡು, ಬರೆ ಏನಾದವೆಂಬುದು ಅವನಿಗೆ ನೆನಪಿದೆ. ಬಣ್ಣದಿಂದ ಅವನಿಗೆ ಏನೂ ನೆನಪಾಗುವುದಿಲ್ಲ. ಅದೂ ಇಡೀ ಜಿಲ್ಲೆಗೆ ಒಂದೇ ಬಣ್ಣ. ವರ್ಷಕ್ಕೆ 200 ಇಂಚು ದಾಟುವ ಭಾಗಮಂಡಲಕ್ಕೂ ಅದರ ಕಾಲು ಭಾಗವೂ ಬೀಳದ ಕುಶಾಲನಗರದ ಬಯಲಿಗೂ ಅದೇ ಕಿತ್ತಳೆ.

ಹಾಗೆಂದು ಸರ್ಕಾರದ ಮಾತು ಕೊಡಗಿನಲ್ಲಿ ಯಾರಿಗೂ ತಲುಪುವುದಿಲ್ಲ ಎನ್ನಲಾಗದು. ‘ನಾಳೆ ಶಾಲೆಗೆ ರಜೆ’ ಎಂಬ ಜಿಲ್ಲಾಧಿಕಾರಿಯ ಆದೇಶ ಅರ್ಧ ಗಂಟೆಯಲ್ಲಿ ಮನೆಮನೆ ಮುಟ್ಟುತ್ತದೆ; ಹಳೆಯ ಆದೇಶದ ದಿನಾಂಕ ತಿದ್ದಿ ಹರಿಬಿಡುವ ಪೋಕರಿಗಳೂ ಇದ್ದಾರೆಂದರೆ ಅದಕ್ಕಿರುವ ಬೇಡಿಕೆ ತಿಳಿಯುತ್ತದೆ. ಸುದ್ದಿ ಹೋಗಲು ದಾರಿಗಳಿವೆ, ಕೇಳುವವರೂ ಇದ್ದಾರೆ. ಹಾಗಿದ್ದೂ ಕಳೆದ ಮೂರು ದಶಕಗಳಲ್ಲಿ ಈ ಜಿಲ್ಲೆಗೆ ಬಂದ ದೊಡ್ಡ ಯೋಜನೆಗಳಲ್ಲಿ ಬಹುಪಾಲು ‘ಜನರನ್ನು ಕೇಳಲಿಲ್ಲ’ ಎಂಬ ದೂರಿಗೆ ಸಿಕ್ಕಿಬಿದ್ದಿವೆ. ಅರಣ್ಯ, ಪಶ್ಚಿಮ ಘಟ್ಟ, ಪುನರ್ವಸತಿ, ವಿದ್ಯುತ್ ಮಾರ್ಗ ಯಾವುದನ್ನೇ ತೆಗೆದುಕೊಂಡರೂ ಕಥೆಯ ಈ ಭಾಗ ಒಂದೇ. ಪ್ರಚಾರ ಸಾಲದ್ದರಿಂದ ಹೀಗಾಯಿತು ಎಂದು ಅಧಿಕಾರಿಗಳು ಹೇಳುತ್ತಾರೆ. ನನಗೆ ಕಾಣುವುದು ಬೇರೆ: ಸುದ್ದಿ ಬಂದದ್ದೇ ತೀರ್ಮಾನವಾದ ಮೇಲೆ. ಆಗ ಎಷ್ಟು ಕರಪತ್ರ ಹಂಚಿದರೂ ಅದು ಜನರ ಕಿವಿಗೆ ನೋಟಿಸಿನಂತೆಯೇ ಕೇಳುತ್ತದೆ.

ಈ ರೋಗ ಹಳೆಯದು. 1834ರ ಮೇ ತಿಂಗಳಲ್ಲಿ ಕರ್ನಲ್ ಫ್ರೇಸರ್ ಹೊರಡಿಸಿದ ಘೋಷಣೆ, ಕೊಡಗಿನ ನಿವಾಸಿಗಳೆಲ್ಲರ ಒಮ್ಮತದ ಇಚ್ಛೆಯಂತೆಯೇ ನಾಡನ್ನು ಕಂಪನಿ ಸರ್ಕಾರದ ಆಶ್ರಯಕ್ಕೆ ತೆಗೆದುಕೊಳ್ಳಲಾಗುತ್ತಿದೆ ಎಂದು ಸಾರಿತು. ಆ ಒಮ್ಮತ ಎಷ್ಟು ಗಟ್ಟಿಯಾಗಿತ್ತೆಂಬುದನ್ನು ಮೂರೇ ವರ್ಷಕ್ಕೆ, 1837ರಲ್ಲಿ ಸುಳ್ಯದ ಕಡೆಯಿಂದ ಎದ್ದ ದಂಗೆ ತೋರಿಸಿಕೊಟ್ಟಿತು. ಜನಾಭಿಪ್ರಾಯವನ್ನು ಕೇಳುವ ಮೊದಲೇ ಬರೆದಿಡುವ ಕಲೆ ಕಚೇರಿಗಳಿಗೆ ಆಗಲೇ ಗೊತ್ತಿತ್ತು.

ಕೇಳಬೇಕಾದ ಜನ ಯಾರು ಎಂಬುದೂ ಇಲ್ಲಿ ಸುಲಭದ ಪ್ರಶ್ನೆಯಲ್ಲ. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 5,54,519. ರಾಜ್ಯದಲ್ಲೇ ಅತಿ ಕಡಿಮೆ. ಇಷ್ಟು ಚಿಕ್ಕ ಜನಸಮೂಹದಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ಬ್ಯಾರಿ, ತಮಿಳು, ಎರವರ ನುಡಿ, ಜೇನುಕುರುಬರ ನುಡಿ ಎಲ್ಲವೂ ಇವೆ. ಕನ್ನಡ ಎಲ್ಲರನ್ನೂ ಸೇರಿಸುವ ಭಾಷೆ ನಿಜ. ಆದರೆ ಸರ್ಕಾರಿ ಸುತ್ತೋಲೆಯ ಕನ್ನಡ ಸಂತೆಯ ಕನ್ನಡವಲ್ಲ. ಇತ್ತೀಚಿನ ವರ್ಷಗಳಲ್ಲಿ ತೋಟಗಳ ಲೈನ್‌ಮನೆಗಳಿಗೆ ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡ್ ಕಡೆಯ ಕಾರ್ಮಿಕರು ಬಂದು ಸೇರಿದ್ದಾರೆ. ಗ್ರಾಮ ಪಂಚಾಯಿತಿಯ ಮತದಾರರ ಪಟ್ಟಿಯಲ್ಲಿ ಅವರಿಲ್ಲ, ಗ್ರಾಮಸಭೆಯಲ್ಲಿ ಅವರಿಲ್ಲ. ಮುಂಜಾನೆ ಆನೆ ನಿಂತ ದಾರಿಯಲ್ಲಿ ಮಾತ್ರ ಅವರೇ ಮೊದಲು. ಊರಿನ ವಿಸ್ತಾರವೂ ಹಾಗೇ. ಬಯಲುಸೀಮೆಯಂತೆ ಮನೆಗಳು ಒತ್ತಾಗಿ ಕುಳಿತ ಊರುಗಳಲ್ಲ. ಗದ್ದೆಯ ಒಂದು ಬದಿಗೆ ಒಂದು ಮನೆ, ತೋಟ ದಾಟಿ ಗುಡ್ಡದಾಚೆಗೆ ಇನ್ನೊಂದು. ಇಲ್ಲಿ ಡಂಗುರ ಸಾರಿದರೆ ಕೇಳುವುದು ಡಂಗುರದವನಿಗೇ. ಸುದ್ದಿ ಸೇರುತ್ತಿದ್ದದ್ದು ಕುಟುಂಬದ ಮೂಲಮನೆಯಾದ ಐನ್‌ಮನೆಯಲ್ಲಿ, ಊರು ಸೇರುವ ಬಯಲಾದ ಮಂದ್‌ನಲ್ಲಿ, ದೇವಸ್ಥಾನದ ಮುಖ್ಯಸ್ಥರಾದ ತಕ್ಕರ ಸಭೆಯಲ್ಲಿ. ಹುತ್ತರಿಯ ದಿನ, ಕದಿರು ತೆಗೆಯುವ ಹೊತ್ತು ಇಗ್ಗುತ್ತಪ್ಪ ದೇವಸ್ಥಾನದಲ್ಲಿ ಗೊತ್ತಾಗಿ ನಾಡಿಗೆಲ್ಲ ಹರಡುವುದು ಈಗಲೂ ನಡೆಯುತ್ತದೆ. ಆದರೆ ಈ ದಾರಿಗೂ ಮಿತಿಯುಂಟು. ಮಂದ್‌ಗೆ ಹೋಗುವವರ ನಡುವೆ ಚಲಿಸುವ ಮಾತು ಆದಿವಾಸಿಗಳ ಹಾಡಿಗೂ ಲೈನ್‌ಮನೆಗೂ ಅಲ್ಲಿಂದ ತಾನಾಗಿ ಇಳಿಯುವುದಿಲ್ಲ. ‘ಊರಿನ ಹಿರಿಯರಿಗೆ ತಿಳಿಸಿದ್ದೇವೆ’ ಎಂಬ ಟಿಪ್ಪಣಿಯಲ್ಲಿ ಯಾರು ಬಿಟ್ಟುಹೋದರು ಎಂದು ಹುಡುಕುವ ಅಭ್ಯಾಸ ಇರಬೇಕು.

ಇನ್ನು ಮೊಬೈಲು. ಕೊರೋನಾ ಕಾಲದಲ್ಲಿ ಮುಳ್ಳೂರಿನ ಸರ್ಕಾರಿ ಶಾಲೆಯ ಶಿಕ್ಷಕರೊಬ್ಬರು ಮರದ ಮೇಲೆ ಅಟ್ಟಣೆ ಕಟ್ಟಿ ಅಲ್ಲಿಂದ ಪಾಠ ಹೇಳಿದ್ದು ರಾಜ್ಯಕ್ಕೆಲ್ಲ ಸುದ್ದಿಯಾಯಿತು. ಸಿಗ್ನಲ್ ಸಿಗುತ್ತಿದ್ದದ್ದು ಅಲ್ಲಿ ಮಾತ್ರ. ಆಷಾಢದ ಗಾಳಿಗೆ ಮರ ಬಿದ್ದು ಕರೆಂಟು ವಾರಗಟ್ಟಲೆ ಹೋದರೆ ಟವರೂ ಸತ್ತ ಹಾಗೇ. ಅಂಥ ದಿನಗಳಲ್ಲಿ ಬ್ಯಾಟರಿ ರೇಡಿಯೋದ ಮಡಿಕೇರಿ ಆಕಾಶವಾಣಿಯೇ ಗತಿ. ಅದು ಕನ್ನಡದ ಜೊತೆಗೆ ಕೊಡವ ಭಾಷೆ, ಅರೆಭಾಷೆಗಳಲ್ಲೂ ಕಾರ್ಯಕ್ರಮ ಕೊಡುತ್ತ ಬಂದಿರುವುದು ಯಾವ ಯೋಜನೆಯ ‘ಸಂವಹನ ತಂತ್ರ’ಕ್ಕಿಂತಲೂ ದೊಡ್ಡ ಕೆಲಸ.

ಈಗ ನಾಗರಹೊಳೆಗೆ ಬರೋಣ. ಇಡೀ ಪ್ರಶ್ನೆಯನ್ನು ಬಿಡಿಸಿ ನೋಡಲು ಇದಕ್ಕಿಂತ ಒಳ್ಳೆಯ ಪ್ರಕರಣ ಕೊಡಗಿನಲ್ಲಿ ಬೇರೆ ಇಲ್ಲ.

ವಿಶ್ವಬ್ಯಾಂಕಿನ ನೆರವಿನ ಪರಿಸರ ಅಭಿವೃದ್ಧಿ ಯೋಜನೆ 1996ರಲ್ಲಿ ಮಂಜೂರಾಯಿತು. ರಣಥಂಬೋರ್, ಗಿರ್, ಪೆಂಚ್, ಪೆರಿಯಾರ್ ಮೊದಲಾದ ಏಳು ಅರಣ್ಯಗಳಲ್ಲಿ ನಾಗರಹೊಳೆಯೂ ಒಂದು. ಕಾಡಿನ ಅಂಚಿನ ಜನರಿಗೆ ಬೇರೆ ಜೀವನೋಪಾಯ ಕಲ್ಪಿಸಿದರೆ ಕಾಡಿನ ಮೇಲಿನ ಒತ್ತಡ ಇಳಿಯುತ್ತದೆ ಎಂಬುದು ಅದರ ಎಣಿಕೆ. ಪ್ರತಿ ಊರಿಗೂ ಅಲ್ಲಿನವರೇ ಕೂತು ‘ಸೂಕ್ಷ್ಮ ಯೋಜನೆ’ ತಯಾರಿಸಬೇಕು; ಜನರ ಸಹಭಾಗಿತ್ವವೇ ಯೋಜನೆಯ ಜೀವಾಳ ಎಂದು ಕಾಗದದ ಮೇಲೆ ಬರೆದಿತ್ತು. ಇದೇ ಸಮಯಕ್ಕೆ ಮೂರ್ಕಲ್‌ನಲ್ಲಿ ತಾಜ್ ಸಮೂಹದ ಹೋಟೆಲು ಕಾಡಿನೊಳಗೆ ಏಳುತ್ತಿತ್ತು. ಆದಿವಾಸಿಗಳು ಪ್ರತಿಭಟಿಸಿದರು, ವಿಷಯ ನ್ಯಾಯಾಲಯಕ್ಕೆ ಹೋಯಿತು, 1997ರಲ್ಲಿ ಹೈಕೋರ್ಟು ಆ ಗುತ್ತಿಗೆ ಕಾನೂನುಬಾಹಿರ ಎಂದಿತು. ಒಂದು ಕೈಯಲ್ಲಿ ‘ಕಾಡಿನಿಂದ ಹೊರಗೆ ಬನ್ನಿ’, ಇನ್ನೊಂದರಲ್ಲಿ ಪ್ರವಾಸಿಗರಿಗೆ ಕೋಣೆ. ಇವೆರಡನ್ನೂ ಒಟ್ಟಿಗೆ ಕಂಡ ಜೇನುಕುರುಬರಿಗೆ ಯಾವ ಕರಪತ್ರದಿಂದ ಏನನ್ನು ಒಪ್ಪಿಸಲು ಸಾಧ್ಯವಿತ್ತು?

1998ರಲ್ಲಿ ನಾಗರಹೊಳೆ ಬುಡಕಟ್ಟು ಜನರ ಹಕ್ಕು ಸ್ಥಾಪನಾ ಸಮಿತಿ ವಿಶ್ವಬ್ಯಾಂಕಿನ ಪರಿಶೀಲನಾ ಮಂಡಳಿಗೆ ದೂರು ಕೊಟ್ಟಿತು. ಕೊಡಗಿನ ಹಾಡಿಗಳಿಂದ ವಾಷಿಂಗ್ಟನ್‌ಗೆ ಹೋದ ಆ ದೂರಿನ ಸಾರ ಇಷ್ಟೆ: ಈ ಯೋಜನೆಯನ್ನು ನಮ್ಮ ಹೆಸರಿನಲ್ಲಿ ಬರೆದರು, ನಮ್ಮನ್ನು ಕೇಳಲಿಲ್ಲ. ಮಂಡಳಿಯವರು ಸ್ಥಳಕ್ಕೆ ಬಂದು ನೋಡಿ, ತಯಾರಿಯ ಹಂತದಲ್ಲಿ ಕಾಡಿನೊಳಗಿನ ನಿವಾಸಿಗಳ ಜೊತೆ ಬ್ಯಾಂಕಿನ ಸ್ವಂತ ನಿಯಮ ಕೇಳುವಷ್ಟು ಸಮಾಲೋಚನೆ ಆಗಿಲ್ಲ ಎಂಬ ಅಭಿಪ್ರಾಯಕ್ಕೆ ಬಂದು, ಪೂರ್ಣ ತನಿಖೆಗೆ ಶಿಫಾರಸು ಮಾಡಿದರು. ಬ್ಯಾಂಕಿನ ನಿರ್ದೇಶಕರು ತನಿಖೆ ಬೇಡವೆಂದರು. ಬ್ಯಾಂಕು ಮತ್ತು ಸರ್ಕಾರ ಸರಿಪಡಿಸಿಕೊಳ್ಳಲಿ ಎಂದು ಬಿಟ್ಟರು.

ಈ ಪ್ರಕರಣದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಹಾಡಿಯವರ ದನಿಯ ಹಾದಿ. ಪಂಚಾಯಿತಿ, ತಾಲ್ಲೂಕು, ಜಿಲ್ಲೆ, ಬೆಂಗಳೂರು ಎಲ್ಲವನ್ನೂ ದಾಟಿ ಅದು ಖಂಡಾಂತರಕ್ಕೆ ಹೋಗಬೇಕಾಯಿತು. ಹತ್ತಿರದ ಕಚೇರಿಯಲ್ಲಿ ಕೇಳುವ ಕಿವಿ ಇದ್ದಿದ್ದರೆ ಅಷ್ಟು ದೂರ ಹೋಗಬೇಕಿರಲಿಲ್ಲ. ಅದಕ್ಕೂ ಇಂಗ್ಲಿಷ್ ಬಲ್ಲ ಕಾರ್ಯಕರ್ತರು, ಸಂಘಟನೆಗಳು ಜೊತೆಗಿದ್ದರು ಎಂಬುದನ್ನು ಮರೆಯಬಾರದು. ಅಂಥವರು ಸಿಗದ ಹಾಡಿಗಳ ದೂರು ಎಲ್ಲಿಗೂ ಹೋಗಲಿಲ್ಲ.

2006ರ ಅರಣ್ಯ ಹಕ್ಕು ಕಾಯ್ದೆ ಈ ಕೊರತೆಯನ್ನು ಕಾನೂನಿನಲ್ಲೇ ತುಂಬಲು ನೋಡಿತು. ಹಕ್ಕಿನ ಅರ್ಜಿ ಆರಂಭವಾಗುವುದೇ ಗ್ರಾಮಸಭೆಯಿಂದ. 2012ರ ತಿದ್ದುಪಡಿ ನಿಯಮಗಳು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಅರ್ಜಿ ತಿರಸ್ಕಾರವಾದರೆ ಅದನ್ನು ಕಾರಣ ಸಮೇತ ಅರ್ಜಿದಾರರಿಗೆ ಖುದ್ದಾಗಿ ತಿಳಿಸಬೇಕು, ಮೇಲ್ಮನವಿಗೆ 60 ದಿನ ಇರಬೇಕು ಎಂದವು. ಸರ್ಕಾರಿ ಕಡತದಲ್ಲಿ ‘ಖುದ್ದಾಗಿ ತಿಳಿಸುವುದು’ ಇಷ್ಟು ಸ್ಪಷ್ಟವಾಗಿ ಬಂದದ್ದು ಅಪರೂಪ. 2019ರ ಫೆಬ್ರುವರಿಯಲ್ಲಿ ತಿರಸ್ಕೃತ ಅರ್ಜಿದಾರರನ್ನು ಒಕ್ಕಲೆಬ್ಬಿಸಲು ಹೇಳಿದ ಸುಪ್ರೀಂ ಕೋರ್ಟು ಎರಡೇ ವಾರದಲ್ಲಿ ಅದನ್ನು ತಡೆಹಿಡಿದು, ತಿರಸ್ಕರಿಸುವಾಗ ಕ್ರಮ ಪಾಲಿಸಿದ್ದೀರಾ ಎಂದು ರಾಜ್ಯಗಳನ್ನೇ ಕೇಳಿತು. ಕೊಡಗಿನ ಹಾಡಿಗಳಲ್ಲಿ ಈ ಮಾತು ಇನ್ನೂ ಮುಗಿದಿಲ್ಲ. 2016ರ ಕೊನೆಯಲ್ಲಿ ದಿಡ್ಡಳ್ಳಿಯ ಆದಿವಾಸಿಗಳ ಗುಡಿಸಲುಗಳನ್ನು ಕಿತ್ತ ಮೇಲೆ ಮಾತುಕತೆ ಶುರುವಾಯಿತು. ತಿಂಗಳುಗಟ್ಟಲೆ ಹೋರಾಟದ ನಂತರ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ನಿವೇಶನಗಳು ಸಿಕ್ಕವು. ಮಾತುಕತೆ ಮೊದಲಾಗಿದ್ದರೆ ಎಂಬ ಪ್ರಶ್ನೆ ಅಲ್ಲಿಯೂ ಉಳಿದಿದೆ. 2025ರ ಮೇ ತಿಂಗಳಲ್ಲಿ ಕರಡಿಕಲ್ಲು ಅತ್ತೂರು ಕೊಲ್ಲಿಗೆ ಜೇನುಕುರುಬ ಕುಟುಂಬಗಳು ಮರಳಿ ಬಂದು ಗುಡಿಸಲು ಹಾಕಿದಾಗ ಮತ್ತೆ ಅದೇ ತಕರಾರು: ನಮ್ಮ ಹಕ್ಕಿನ ಅರ್ಜಿ ಇದೆ ಎಂದು ಅವರು, ಒಪ್ಪಲಾಗದು ಎಂದು ಅರಣ್ಯ ಇಲಾಖೆ.

ಪಶ್ಚಿಮ ಘಟ್ಟದ ವರದಿಗಳ ಕಥೆಯಲ್ಲಿ ಮಾತು ತಡವಾಗಿ ಬಂದದ್ದಷ್ಟೇ ಅಲ್ಲ, ಬಚ್ಚಿಡಲ್ಪಟ್ಟಿತು ಕೂಡ. ಮಾಧವ ಗಾಡ್ಗೀಳ್ ಸಮಿತಿ 2011ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿತು. ಸ್ಥಳೀಯ ಭಾಷೆಗಳಿಗೆ ತಂದು ಗ್ರಾಮಸಭೆಗಳಲ್ಲಿ ಚರ್ಚಿಸಬೇಕೆಂಬುದು ಗಾಡ್ಗೀಳರ ಆಶಯ. ಕೇಂದ್ರ ಪರಿಸರ ಸಚಿವಾಲಯ ಮಾಡಿದ್ದು ವರದಿಯನ್ನು ಕಪಾಟಿನಲ್ಲಿಟ್ಟದ್ದು. ಮಾಹಿತಿ ಹಕ್ಕಿನ ಅರ್ಜಿ, ಮಾಹಿತಿ ಆಯೋಗದ ಆದೇಶ, ದೆಹಲಿ ಹೈಕೋರ್ಟಿನ ಮೆಟ್ಟಿಲು ಎಲ್ಲ ಆದ ಮೇಲೆ 2012ರ ಮೇ ತಿಂಗಳಲ್ಲಿ ಅದು ಹೊರಬಿತ್ತು. ಅಷ್ಟರಲ್ಲಿ ಘಟ್ಟದ ಜಿಲ್ಲೆಗಳಲ್ಲಿ ವರದಿಯ ಬಗ್ಗೆ ಮಾತು ಹರಡಿತ್ತು, ವರದಿ ಮಾತ್ರ ಇರಲಿಲ್ಲ. ಕಾಫಿಗೆ ಔಷಧಿ ಹೊಡೆಯುವಂತಿಲ್ಲವಂತೆ, ಮನೆ ಕಟ್ಟುವಂತಿಲ್ಲವಂತೆ, ಜಾಗ ಮಾರುವಂತಿಲ್ಲವಂತೆ ಎಂಬ ‘ಅಂತೆ’ಗಳೇ ಆ ಖಾಲಿ ಜಾಗದಲ್ಲಿ ಬಂದು ಕೂತವು. 2013ರಲ್ಲಿ ಕಸ್ತೂರಿರಂಗನ್ ವರದಿ ಬರುವ ಹೊತ್ತಿಗೆ ಜನ ಎರಡು ವರದಿಗಳ ವ್ಯತ್ಯಾಸ ಕೇಳುವ ಸ್ಥಿತಿಯಲ್ಲೇ ಇರಲಿಲ್ಲ; ಕೊಡಗಿನಲ್ಲಿ ಬಂದ್ ಆಯಿತು, ಮೆರವಣಿಗೆಗಳಾದವು.

ಆಮೇಲೆ ಬಂದ, ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಗಳನ್ನು ಓದಿದವರಿಗೆ ಗೊತ್ತು: ನಿಷೇಧದ ಪಟ್ಟಿಯಲ್ಲಿರುವುದು ಗಣಿಗಾರಿಕೆ, ಕಲ್ಲು ಕ್ವಾರಿ, ಮರಳುಗಾರಿಕೆ, ಉಷ್ಣ ವಿದ್ಯುತ್ ಸ್ಥಾವರ, ಕೆಂಪು ವರ್ಗದ ಕೈಗಾರಿಕೆ, 20,000 ಚದರ ಮೀಟರು ಮೀರಿದ ಕಟ್ಟಡ, ದೊಡ್ಡ ಬಡಾವಣೆ. ಬೆಳೆಗಾರನ ತೋಟದ ಮನೆ ಅದರಲ್ಲಿಲ್ಲ. ಆದರೆ ಇಷ್ಟನ್ನು ಊರಿನ ಕಟ್ಟೆಯ ಮೇಲೆ ಕೂತು ಓದಿ ಹೇಳಲು ಯಾರೂ ಬರಲಿಲ್ಲ. ಇದು ಬೆಳೆಗಾರರ ಭಯವನ್ನು ಪೊಳ್ಳೆಂದು ತಳ್ಳಿಹಾಕಲು ಹೇಳುವ ಮಾತಲ್ಲ. ಒಂದು ಸಲ ಗೆರೆ ಎಳೆದರೆ ನಾಳೆ ನಿಯಮ ಬಿಗಿಯಾಗುವುದಿಲ್ಲ ಎಂಬ ಭರವಸೆ ಯಾರು ಕೊಡುತ್ತಾರೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಬಾಣೆ, ಪೈಸಾರಿ ಜಮೀನಿನ ದಾಖಲೆಗಳಿಗಾಗಿ ತಲೆಮಾರುಗಳಿಂದ ಕಂದಾಯ ಕಚೇರಿ ಅಲೆದವರು ಸುಲಭವಾಗಿ ನಂಬಲಾರರು. ಆ ಪ್ರಶ್ನೆಗೆ ಎದುರು ಕೂತು ಉತ್ತರ ಕೊಡುವವರು ಬೇಕಿತ್ತು. ಆರನೆಯ ಕರಡು ಹೊರಬಿದ್ದದ್ದು 2024ರ ಜುಲೈ 31ರಂದು, ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಮಣ್ಣಡಿ ಹೋದ ಮರುದಿನ. ಕೊಡಗಿನ 55 ಗ್ರಾಮಗಳು ಪಟ್ಟಿಯಲ್ಲಿದ್ದವು, ಆಕ್ಷೇಪಣೆಗೆ 60 ದಿನ. ಆ ಗಡುವಿನೊಳಗೇ, ಸೆಪ್ಟೆಂಬರಿನಲ್ಲಿ, ರಾಜ್ಯ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಹೌದು ಎನ್ನುವಾಗಲೂ ಇಲ್ಲ ಎನ್ನುವಾಗಲೂ 55 ಗ್ರಾಮಗಳು ಮರುದಿನದ ಪತ್ರಿಕೆಯಲ್ಲಿ ಓದಿಯೇ ತಿಳಿಯಬೇಕು!

ಭಾಷೆಯ ಪ್ರಶ್ನೆ ನ್ಯಾಯಾಲಯಕ್ಕೂ ಹೋಗಿದೆ. ಪರಿಸರ ಪರಿಣಾಮ ಅಂದಾಜಿನ 2020ರ ಕರಡನ್ನು ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಿಗೂ ಅನುವಾದಿಸಿ ಎಂದು ದೆಹಲಿ ಹೈಕೋರ್ಟು 2020ರ ಜೂನ್ 30ರಂದು ಹೇಳಿತು; ಸ್ಥಳೀಯ ಭಾಷೆಗಳಲ್ಲಿ ಸಾಕಷ್ಟು ಪ್ರಚಾರವಾಗಿಲ್ಲ ಎಂಬ ಕಾರಣಕ್ಕೆ ಕರ್ನಾಟಕ ಹೈಕೋರ್ಟು ಅಂತಿಮ ಅಧಿಸೂಚನೆಯನ್ನು ತಡೆಯಿತು. ಕನ್ನಡಕ್ಕೆ ಇದು ಗೆಲುವೇ. ಆದರೆ ಆ 22ರಲ್ಲಿ ಕೊಡವ ತಕ್ಕ್ ಇಲ್ಲ, ಅರೆಭಾಷೆಯೂ ಇಲ್ಲ, ಎರವರ ನುಡಿಯ ಮಾತೇ ಬೇಡ. ಆದೇಶವನ್ನು ಅಕ್ಷರಶಃ ಪಾಲಿಸಿದರೂ ಕಾಡಿಗೆ ಅತಿ ಹತ್ತಿರ ಇರುವವರ ಮನೆಮಾತಿಗೆ ಅದು ಬರುವುದಿಲ್ಲ. ಅವರಿಗೆ ಕನ್ನಡ ಬರುತ್ತದಲ್ಲ ಎನ್ನಬಹುದು. ಬರುತ್ತದೆ, ಮಾತಾಡಲು; ಕರಡು ಓದಲು ಕನ್ನಡವೇ ಮನೆಮಾತಾದ ಮೈಸೂರಿನವನೂ ಒದ್ದಾಡುತ್ತಾನೆ. ಅಲ್ಲಿ ಬೇಕಿರುವುದು ಮುದ್ರಿತ ಅನುವಾದಕ್ಕಿಂತ ಓದಿ, ನಿಲ್ಲಿಸಿ, ವಿವರಿಸಿ, ಪ್ರಶ್ನೆ ತೆಗೆದುಕೊಳ್ಳಬಲ್ಲ ಒಬ್ಬ ಮನುಷ್ಯ.

2018ರ ಆಗಸ್ಟ್ ಮಧ್ಯದಲ್ಲಿ ಮಕ್ಕಂದೂರು, ಕಾಲೂರು, ಹಟ್ಟಿಹೊಳೆ, ಜೋಡುಪಾಲ ಕಡೆಗಳಲ್ಲಿ ಗುಡ್ಡಗಳು ಜರಿದಾಗ ಜಿಲ್ಲೆ ತನ್ನನ್ನು ತಾನೇ ಎಚ್ಚರಿಸಿಕೊಂಡಿತು. ಹುಡುಗರು ಗುಡ್ಡ ಹತ್ತಿ ಸುದ್ದಿ ಮುಟ್ಟಿಸಿದರು, ಸಮಾಜದ ಭವನಗಳೂ ಶಾಲೆಗಳೂ ಪರಿಹಾರ ಕೇಂದ್ರಗಳಾದವು. ನಂತರದ ಮಳೆಗಾಲಗಳಲ್ಲಿ ವಾಟ್ಸ್‌ಆ್ಯಪ್ ತುಂಬ ಬಿರುಕು ಬಿಟ್ಟ ಬೆಟ್ಟಗಳ ವದಂತಿ. ಭೂವಿಜ್ಞಾನಿಗಳು ಬಂದು, ಇಳಿಜಾರನ್ನು ರಸ್ತೆಗೂ ಮನೆಗೂ ಕಡಿದದ್ದು ಅಪಾಯ ಹೆಚ್ಚಿಸಿದೆ ಎಂದು ವರದಿ ಕೊಟ್ಟರು. ಅದು ಪ್ರತಿ ಮನೆ ಕಟ್ಟುವವನಿಗೂ, ಜೆಸಿಬಿ ಮಾಲೀಕನಿಗೂ ಮುಟ್ಟಬೇಕಾದ ಮಾತಾಗಿತ್ತು, ವರದಿಯಾಗಿ ಉಳಿಯಿತು. ಮನೆ ಕಳೆದುಕೊಂಡವರಿಗೆ ಕರ್ಣಂಗೇರಿ, ಮದೆನಾಡು, ಜಂಬೂರಿನಲ್ಲಿ ಬಡಾವಣೆಗಳಾದವು. ಮನೆಗಳು ಗಟ್ಟಿಯಾಗಿವೆ. ತೋಟ, ಗದ್ದೆ, ದನ ಹಳೆಯ ಊರಲ್ಲೇ ಇರುವಾಗ ದೂರದ ಬಡಾವಣೆಯಲ್ಲಿ ಬದುಕು ಹೇಗೆ ಎಂಬುದು ಮಾತ್ರ ಕೀಲಿಕೈ ಕೊಡುವ ಸಮಾರಂಭದಲ್ಲಿ ಕೇಳುವ ಪ್ರಶ್ನೆಯಲ್ಲ, ಜಾಗ ಹುಡುಕುವ ದಿನ ಕೇಳಬೇಕಾದ್ದು.

ಎಲ್ಲ ಕಡೆ ಸೋಲೇ ಎಂದಲ್ಲ. ಗೆದ್ದ ಕೆಲವನ್ನು ಹತ್ತಿರದಿಂದ ನೋಡಬೇಕು. ತಮಿಳುನಾಡಿನ ವಾಲ್ಪಾರೈಯ ಚಹಾ ತೋಟಗಳಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಆನೆಗಳ ಸುಳಿವನ್ನು ಮೂರು ಬಗೆಯಲ್ಲಿ ತಿಳಿಸುತ್ತದೆ: ಮೊಬೈಲ್ ಸಂದೇಶ, ಸ್ಥಳೀಯ ಕೇಬಲ್ ಟೀವಿಯಲ್ಲಿ ಓಡುವ ಸಾಲು, ದಾರಿಯ ಮುಖ್ಯ ತಾಣಗಳಲ್ಲಿ ಉರಿಯುವ ಕೆಂಪು ದೀಪ. ದೀಪ ಹೊತ್ತಿಸುವುದು ಅಲ್ಲಿನ ಜನರೇ, ತಮ್ಮ ಫೋನಿನಿಂದ. ಓದು ಬಾರದವನಿಗೂ, ಬೇರೆ ರಾಜ್ಯದಿಂದ ನಿನ್ನೆ ಬಂದವನಿಗೂ ಕೆಂಪು ದೀಪ ಅರ್ಥವಾಗುತ್ತದೆ. ಕೊಡಗಿನಲ್ಲಿ ಆನೆ ಕಾರ್ಯಪಡೆ 2022ರಲ್ಲಿ ಬಂತು, ವಾಟ್ಸ್‌ಆ್ಯಪ್ ಗುಂಪುಗಳಿವೆ, ಜೀಪಿನಲ್ಲಿ ಮೈಕು ಕಟ್ಟಿ ಕೂಗುವುದೂ ಇದೆ. ಅಸ್ಸಾಮಿನ ಕಾರ್ಮಿಕನಿಗೆ ಆ ಕನ್ನಡ ಕೂಗು ಎಷ್ಟು ತಿಳಿಯುತ್ತದೋ.

ವಯನಾಡಿನ ಕಲ್ಪೆಟ್ಟದಲ್ಲಿರುವ ಹ್ಯೂಮ್ ಸೆಂಟರ್ ಊರವರ ನೆರವಿನಿಂದ ಮಳೆಮಾಪಕಗಳ ಜಾಲ ಕಟ್ಟಿದೆ. 2024ರ ದುರಂತಕ್ಕೆ ಮುನ್ನ ಅದು ಜಿಲ್ಲಾಡಳಿತಕ್ಕೆ ಎಚ್ಚರಿಕೆ ಕೊಟ್ಟಿತ್ತೆಂದು ವರದಿಯಾಯಿತು. ಎಚ್ಚರಿಕೆ ಇದ್ದೂ ಅಷ್ಟು ಜೀವ ಹೋಯಿತೆಂದರೆ, ಅಳತೆಯಿಂದ ಆಡಳಿತಕ್ಕೆ, ಆಡಳಿತದಿಂದ ಮನೆಬಾಗಿಲಿಗೆ ಇರುವ ಕೊನೆಯ ಎರಡು ಮೈಲಿಯೇ ಕಷ್ಟದ್ದು. ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟಕ್ಕೆ ಮಳೆಮಾಪಕ ಹಾಕಿ, ‘ವರುಣ ಮಿತ್ರ’ ಎಂಬ ಸಹಾಯವಾಣಿಯಲ್ಲಿ ದಿನವಿಡೀ ಕನ್ನಡದಲ್ಲಿ ಉತ್ತರಿಸುತ್ತದೆ. ರೈತನೇ ಮೊದಲು ಕೇಳುವ, ಸರ್ಕಾರ ಆಮೇಲೆ ಹೇಳುವ ಸೇವೆಗಳು ಬೆರಳೆಣಿಕೆಯಷ್ಟು, ಇದು ಅದರಲ್ಲೊಂದು. ಕಾಫಿ ಮಂಡಳಿ 2018ರಲ್ಲಿ ಚಿಕ್ಕಮಗಳೂರು, ಹಾಸನದಲ್ಲಿ ಪ್ರಯೋಗ ಮಾಡಿದ ‘ಕಾಫಿ ಕೃಷಿ ತರಂಗ’ವೂ ಅದೇ ಜಾಡಿನದು: ಫೋನಿನಲ್ಲಿ ದನಿಯ ಸಲಹೆ, ತಿರುಗಿ ಪ್ರಶ್ನೆ ಹೇಳಲು ಅವಕಾಶ.

ಸಮುದಾಯ ಬಾನುಲಿಯಲ್ಲಿ ಕರ್ನಾಟಕ ದೇಶಕ್ಕೇ ದಾರಿ ತೋರಿಸಿದೆ. ಪರವಾನಗಿ ಸಿಗದಿದ್ದ ಕಾಲದಲ್ಲಿ, 2003ರಲ್ಲಿ, ಕೋಲಾರ ಜಿಲ್ಲೆಯ ಬೂದಿಕೋಟೆಯ ‘ನಮ್ಮ ಧ್ವನಿ’ ಕೇಬಲ್ ತಂತಿಯಲ್ಲೇ ಮನೆಗಳಿಗೆ ದನಿ ಹರಿಸಿತು. ಸ್ವಸಹಾಯ ಸಂಘದ ಹೆಂಗಸರು ಮೈಕಿನ ಮುಂದೆ ಕೂತರು, ನೀರಿನ ತೊಂದರೆ ಬಾನುಲಿಯಲ್ಲಿ ಬಂದ ಮೇಲೆ ಪಂಚಾಯಿತಿ ಎದ್ದಿತು. ನಾಗರಹೊಳೆಯ ಆಚೆ ಬದಿಗೆ ಸರಗೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ನಡೆಸುವ ‘ಜನಧ್ವನಿ’ ಇದೆ. ಕಾಡಿಗೆ ಎರಡು ಜಿಲ್ಲೆಗಳ ಗಡಿ ಗೊತ್ತಿಲ್ಲ, ಜೇನುಕುರುಬರ ನುಡಿಗೂ ಗೊತ್ತಿಲ್ಲ. ಕೊಡಗಿನ ಹಾಡಿಗಳಿಗೆ ಆ ಬದಿಯಿಂದ ಕಲಿಯುವುದಿದೆ.

ಇಷ್ಟೆಲ್ಲದರ ನಡುವೆ ಕಾನೂನು ಕೊಟ್ಟಿರುವ ಸಾಮಾನ್ಯ ವೇದಿಕೆ ಗ್ರಾಮಸಭೆ. ಕೊಡಗು 1950ರಿಂದ 1956ರವರೆಗೆ ಪ್ರತ್ಯೇಕ ರಾಜ್ಯವಾಗಿದ್ದಾಗ ಅದರ ವಿಧಾನಸಭೆಯಲ್ಲಿ 24 ಸದಸ್ಯರಿದ್ದರು. ಈಗ ಜಿಲ್ಲೆಗೆ ಇಬ್ಬರೇ ಶಾಸಕರು. ಹಾಗಾಗಿ ಇಲ್ಲಿ ಗ್ರಾಮಸಭೆಯ ಭಾರ ಬೇರೆ ಕಡೆಗಿಂತ ಹೆಚ್ಚು. ಆದರೆ ಸಭೆ ಸೇರುವುದು ಸಾಮಾನ್ಯವಾಗಿ ಕೆಲಸದ ದಿನ, ಬೆಳಗಿನ ಹನ್ನೊಂದಕ್ಕೆ. ಫಲಾನುಭವಿಗಳ ಪಟ್ಟಿ ಓದಿ, ಇಲಾಖೆಯವರು ಒಬ್ಬೊಬ್ಬರಾಗಿ ಎದ್ದು ತಮ್ಮ ಯೋಜನೆ ಹೇಳಿ ಕೂರುವಷ್ಟರಲ್ಲಿ ಊಟದ ಹೊತ್ತು. ಕಳೆದ ಸಭೆಯಲ್ಲಿ ಯಾರು ಏನು ಕೇಳಿದ್ದರು, ಅದು ಏನಾಯಿತು, ಆಗದಿದ್ದರೆ ಯಾಕಾಗಲಿಲ್ಲ ಎಂಬುದನ್ನು ಮೊದಲ ಕಲಾಪವಾಗಿ ಓದುವ ಪದ್ಧತಿ ಬಂದರೆ ಹಾಜರಿ ತಾನಾಗಿ ಏರುತ್ತದೆ ಎಂದು ನನ್ನ ನಂಬಿಕೆ. ಡಿಸೆಂಬರಿನಿಂದ ಫೆಬ್ರುವರಿವರೆಗೆ ಕಾಫಿ ಕೊಯ್ಲು. ಆಗ ಕಿಲೋ ಲೆಕ್ಕದಲ್ಲಿ ಕೂಲಿ. ಆ ದಿನಗಳಲ್ಲಿ ಹಾಡಿಯ ಹೆಂಗಸೊಬ್ಬಳು ಸಭೆಗೆ ಬಂದಳೆಂದರೆ ಒಂದು ದಿನದ ಕೊಯ್ಲಿನ ಕೂಲಿ ಬಿಟ್ಟು ಬಂದಳು ಎಂದರ್ಥ. ಅದೇ ಸಭೆಗೆ ಬಂದ ಅಧಿಕಾರಿಗೆ ಆ ದಿನ ಸಂಬಳವೂ ಇದೆ, ಪ್ರಯಾಣ ಭತ್ಯೆಯೂ ಇದೆ. ಯೋಜನೆಯ ಅಂದಾಜುಪಟ್ಟಿಯಲ್ಲಿ ಬ್ಯಾನರಿಗೆ, ಕರಪತ್ರಕ್ಕೆ, ಉದ್ಘಾಟನೆಯ ಶಾಮಿಯಾನಕ್ಕೆ ತಲೆಬರಹಗಳಿವೆ. ಅವಳ ಆ ದಿನದ ಕೂಲಿಗೆ ಒಂದೂ ಇಲ್ಲ.